ಕಂಪ್ಯೂಟರಿನೊಳಗಿನ ಪಾದ, ಕೆಸರಿನೊಳಗಿನ ಪಾದ

ಸುಗ್ಗಿಯ ದಿನಗಳಲ್ಲಿ ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಗೆ ಹೋದರೆ ಕಣ್ಣು ಮೊದಲು ಚೀಲಗಳ ರಾಶಿಯ ಮೇಲೆ ಬೀಳುತ್ತದೆ, ಆಮೇಲೆ ಅವನ್ನು ಹೊರುವ ಬೆನ್ನುಗಳ ಮೇಲೆ. ಪಾದಗಳನ್ನು ನೋಡುವವರು ಕಡಿಮೆ. ಈ ಭಾಗದಲ್ಲಿ ಭತ್ತದ ಲೆಕ್ಕ 75 ಕೆ.ಜಿ. ಚೀಲದ್ದು. ಅರವತ್ತು ಕೆ.ಜಿ. ತೂಗುವ ಹಮಾಲಿಯೊಬ್ಬರು ಅಂಥ ಚೀಲ ಹೊತ್ತು ಲಾರಿಯ ಹಲಗೆ ಏರುವಾಗ, ಒಂದು ಕಾಲು ಎತ್ತಿದ ಕ್ಷಣದಲ್ಲಿ ಊರಿದ ಪಾದವೊಂದೇ 135 ಕೆ.ಜಿ. ತಡೆಯುತ್ತಿರುತ್ತದೆ. ಎಂಜಿನಿಯರುಗಳ ಅಳತೆಯಲ್ಲಿ ಹೇಳುವುದಾದರೆ ಸುಮಾರು 1,320 ನ್ಯೂಟನ್.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಬೇಕು: 350 ನ್ಯೂಟನ್. ಹಾಂಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಜೇಸನ್ ಚಿಯಂಗ್, ಮಿಂಗ್ ಝಾಂಗ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪಾದದ ಕಂಪ್ಯೂಟರ್ ಮಾದರಿಯಲ್ಲಿ ಒಂದು ಪಾದದ ಮೇಲೆ ಹೇರಿದ ಭಾರ ಅಷ್ಟು. ಆ ಮಾದರಿ 26 ವರ್ಷದ, 70 ಕೆ.ಜಿ. ತೂಕದ ಆರೋಗ್ಯವಂತ ಗಂಡಸಿನ ಪಾದವನ್ನು ಸ್ಕ್ಯಾನ್ ಮಾಡಿ ಕಟ್ಟಿದ್ದು. ಎರಡು ಕಾಲ ಮೇಲೆ ಸುಮ್ಮನೆ ನಿಂತ ಸ್ಥಿತಿಗೆ ಆ ಲೆಕ್ಕ ಸರಿಯಾಗಿಯೇ ಇದೆ. ಪಾದದ ಬಗ್ಗೆ ಜಗತ್ತಿನಾದ್ಯಂತ ನಡೆದ ಲೆಕ್ಕಾಚಾರಗಳಲ್ಲಿ ಮತ್ತೆಮತ್ತೆ ಉಲ್ಲೇಖವಾಗುವ ಕೆಲಸಗಳಲ್ಲಿ ಇದೂ ಒಂದು. ನಡಿಗೆಯ ಭಾರವನ್ನೂ ಲೆಕ್ಕಕ್ಕೆ ಹಿಡಿದ ಮಾದರಿಗಳೂ ಇವೆ. ಆದರೂ ಗಂಜ್‌ನ ಹಲಗೆಯ ಮೇಲಿನ ಪಾದ, ಮಾನ್ವಿಯ ಗದ್ದೆಯ ಕೆಸರಿನಲ್ಲಿ ಹೂತ ಪಾದ, ದೇವದುರ್ಗದ ಹೊಲದ ಬದುವಿನ ಮೇಲೆ ಓರೆಯಾಗಿ ಊರಿದ ಪಾದ ಆ ಲೆಕ್ಕಗಳೊಳಗೆ ಇನ್ನೂ ಬಂದಿಲ್ಲ.

ಇದನ್ನು ಈಗ ಬರೆಯಬೇಕಾದ ಕಾರಣ ಇದೆ. ದೊಡ್ಡವರಲ್ಲಿ ಕುಸಿದು ಹೋದ ಪಾದವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಎಲುಬನ್ನು ಎಷ್ಟು ಮಿಲಿಮೀಟರ್ ಸರಿಸಬೇಕು, ಯಾವ ಸ್ಕ್ರೂ ಹಾಕಬೇಕು, ಯಾವ ಪ್ಲೇಟು ತಡೆಯುತ್ತದೆ ಎಂಬುದನ್ನು ಮೊದಲೇ ಕಂಪ್ಯೂಟರಿನಲ್ಲಿ ಪರೀಕ್ಷಿಸುವ ವಿದ್ಯೆ ಚೆನ್ನಾಗಿ ಬೆಳೆದಿದೆ. ಆ ವಿದ್ಯೆ ನಮ್ಮ ಜಿಲ್ಲೆಗೆ ಬಂದೇ ಬರುತ್ತದೆ. ಬರುವಾಗ ಯಾರ ಪಾದದ ಲೆಕ್ಕ ಹೊತ್ತು ಬರುತ್ತದೆ ಎಂಬುದನ್ನು ನಾವು ಕೇಳಲೇಬೇಕು.

ಕಮಾನು ಕುಸಿಯುವುದು ಹೇಗೆ

ಒಂದು ಪಾದದಲ್ಲಿ 26 ಎಲುಬು, 33 ಕೀಲು, ಅವನ್ನು ಒಂದಕ್ಕೊಂದು ಬಿಗಿದಿಡುವ ನೂರಕ್ಕೂ ಹೆಚ್ಚು ಲಿಗಮೆಂಟುಗಳು. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನಲ್ಲಿ ಚಾಚಿಕೊಂಡ ದಪ್ಪ ನಾರಿನ ಪಟ್ಟಿಯೊಂದಿದೆ. ಅದಕ್ಕೆ ಪ್ಲಾಂಟರ್ ಫೇಶಿಯಾ ಎನ್ನುತ್ತಾರೆ. ಪಾದದ ಕಮಾನನ್ನು ಬಿಲ್ಲು ಎಂದುಕೊಂಡರೆ ಈ ಪಟ್ಟಿ ಅದರ ಹೆದೆ. ಕಮಾನಿನ ಒಳಬದಿಯ ನೆತ್ತಿಯನ್ನು ಕೆಳಗಿನಿಂದ ತಾಳಿಕೊಂಡಿರುವುದು ಸ್ಪ್ರಿಂಗ್ ಲಿಗಮೆಂಟ್. ಇವೆರಡೂ ತಾವಾಗಿ ಎಳೆಯುವ ಶಕ್ತಿ ಇಲ್ಲದವು. ನಡೆಯುವಾಗ ಕಮಾನನ್ನು ಎತ್ತಿ ಹಿಡಿಯುವ ಕೆಲಸ ಟಿಬಿಯಾಲಿಸ್ ಪೋಸ್ಟೀರಿಯರ್ ಎಂಬ ಸ್ನಾಯುವಿನದು. ಅದು ಮೀನಖಂಡದ ಆಳದಲ್ಲಿ ಹುಟ್ಟುತ್ತದೆ. ಅದರ ರಜ್ಜು ಒಳಹರಡಿನ ಹಿಂದೆ ಬಳಸಿ ಬಂದು ಅಂಗಾಲಿನ ಒಳಬದಿಯ ಎಲುಬುಗಳನ್ನು ಹಿಡಿದುಕೊಳ್ಳುತ್ತದೆ.

ತೊಂದರೆ ಶುರುವಾಗುವುದು ಬಹುಮಟ್ಟಿಗೆ ಆ ತಿರುವಿನಲ್ಲೇ. ಹರಡಿನ ಹಿಂದೆ ರಜ್ಜು ಬಾಗುವ ಜಾಗದಲ್ಲಿ ರಕ್ತ ಸಂಚಾರ ಕಡಿಮೆ. ವಯಸ್ಸು ನಲವತ್ತು ದಾಟಿದ ಮೇಲೆ, ಹೆಂಗಸರಲ್ಲಿ ಹೆಚ್ಚಾಗಿ, ಮೈತೂಕ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಲ್ಲಿ ಇನ್ನೂ ಹೆಚ್ಚಾಗಿ ಆ ರಜ್ಜು ಊದಿಕೊಳ್ಳುತ್ತದೆ, ಸೀಳುತ್ತದೆ, ಉದ್ದವಾಗುತ್ತದೆ. ರಜ್ಜು ಕೈಬಿಟ್ಟ ಭಾರವೆಲ್ಲ ಲಿಗಮೆಂಟುಗಳ ಮೇಲೆ ಬೀಳುತ್ತದೆ. ಕೆಲವು ವರ್ಷಗಳಲ್ಲಿ ಅವೂ ಸಡಿಲವಾಗುತ್ತವೆ. ಆಗ ಹಿಮ್ಮಡಿ ಹೊರಗೆ ವಾಲುತ್ತದೆ, ಕಮಾನು ನೆಲ ಹಿಡಿಯುತ್ತದೆ, ಮುಂಗಾಲು ಹೊರಕ್ಕೆ ತಿರುಗುತ್ತದೆ. ನಿಂತವರನ್ನು ಹಿಂದಿನಿಂದ ನೋಡಿದರೆ ಹೊರಗಡೆ ಒಂದೆರಡು ಬೆರಳು ಕಾಣಬೇಕಾದಲ್ಲಿ ಮೂರು ನಾಲ್ಕು ಕಾಣುತ್ತವೆ.

ನಮ್ಮ ಕಡೆ ಇಂಥ ನೋವಿನ ದೂರು ಬರುವುದು ಹೀಗೆ: "ಹರಡಿನ ಒಳಗಡೆ ಬ್ಯಾನಿ ಐತ್ರಿ. ಮೊದ್ಲ ಹಿಂಗ ಇರಲಿಲ್ಲ, ಈಗ ಕಾಲು ಒಳಗ ಕುಸೀತೈತಿ, ಚಪ್ಪಲಿ ಒಂದ ಕಡೆ ಸವೀತಾವ್ರಿ." ತಿಳಿದ ವೈದ್ಯರು ಎಕ್ಸ್-ರೇ ಬರೆದುಕೊಡುವ ಮೊದಲು ಹೇಳುವುದು ಒಂದೇ ಮಾತು: "ಗ್ವಾಡಿ ಹಿಡಕೊಂಡು ಒಂದ ಕಾಲ ಮ್ಯಾಲ ನಿಂತು ಹಿಂಬಡ ಎತ್ರಿ ಅವ್ವಾ." ಟಿಬಿಯಾಲಿಸ್ ಪೋಸ್ಟೀರಿಯರ್ ಗಟ್ಟಿ ಇದ್ದರೆ ಹಿಂಬಡ ಎದ್ದು ಒಳಕ್ಕೆ ತಿರುಗುತ್ತದೆ. ಸೋತಿದ್ದರೆ ಏಳುವುದೇ ಇಲ್ಲ. ಅರ್ಧ ನಿಮಿಷದ ಈ ಪರೀಕ್ಷೆಗೆ ಯಂತ್ರ ಬೇಡ, ವಿದ್ಯುತ್ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದು, ಅಂಗನವಾಡಿಯ ಕಟ್ಟೆಯ ಮೇಲೂ ಮಾಡಬಹುದು.

1989ರಲ್ಲಿ ಜಾನ್ಸನ್ ಮತ್ತು ಸ್ಟ್ರಾಮ್ ಈ ರೋಗವನ್ನು ಮೂರು ಹಂತಗಳಾಗಿ ವಿಂಗಡಿಸಿದರು. ನಾಲ್ಕನೆಯದನ್ನು ಮಯರ್ಸನ್ ಆಮೇಲೆ ಸೇರಿಸಿದರು. 2020ರಲ್ಲಿ ತಜ್ಞರ ಗುಂಪೊಂದು ಹೆಸರನ್ನೂ ವಿಂಗಡಣೆಯನ್ನೂ ಬದಲಿಸಿತು. ರೋಗಿಯ ಪಾಲಿಗೆ ಮುಖ್ಯವಾದ ಗೆರೆ ಒಂದೇ: ಪಾದ ಇನ್ನೂ ಕೈಯಲ್ಲಿ ಹಿಡಿದು ತಿರುಗಿಸಿದರೆ ನೆಟ್ಟಗಾಗುತ್ತದೆಯೇ, ಅಥವಾ ಸೆಟೆದುಬಿಟ್ಟಿದೆಯೇ. ನೆಟ್ಟಗಾಗುವಷ್ಟು ದಿನ ಕೀಲುಗಳನ್ನು ಉಳಿಸಿಕೊಂಡು ಸರಿಪಡಿಸಬಹುದು. ಸೆಟೆದ ಮೇಲೆ ಕೀಲುಗಳನ್ನೇ ಬೆಸೆಯಬೇಕಾಗುತ್ತದೆ.

ಚಪ್ಪಟೆ ಇದ್ದದ್ದೆಲ್ಲ ರೋಗವಲ್ಲ

ದೇವದುರ್ಗ, ಮಾನ್ವಿಯ ಎಷ್ಟೋ ಹುಡುಗರಿಗೆ ತಮ್ಮ ಪಾದ ಚಪ್ಪಟೆ ಎಂದು ಮೊದಲು ಗೊತ್ತಾಗುವುದು ಪೊಲೀಸ್ ಅಥವಾ ಸೇನಾ ಭರ್ತಿಯ ತಯಾರಿಯಲ್ಲಿ. ಬೆಳಗಿನ ಜಾವ ಮೈದಾನ ಸುತ್ತಿದವರು ಒದ್ದೆ ಕಾಲನ್ನು ಸಿಮೆಂಟಿನ ಮೇಲೆ ಊರಿ ತಮ್ಮ ಗುರುತು ತಾವೇ ನೋಡಿಕೊಳ್ಳುತ್ತಾರೆ. ನಡು ಭಾಗ ಪೂರ್ತಿ ಒದ್ದೆಯಾದರೆ ಮುಖ ಸಪ್ಪಗಾಗುತ್ತದೆ. ಅವರಿಗೆ ಇದನ್ನು ಹೇಳಬೇಕು: ಹುಟ್ಟಿನಿಂದ ಬಂದ, ಮೆತ್ತಗಿರುವ, ನೋವಿಲ್ಲದ ಚಪ್ಪಟೆ ಪಾದ ಬಹುಪಾಲು ರೋಗವಲ್ಲ. ಸೇನೆಯ ಅಧಿಕಾರಿ ನೇಮಕದ ವೈದ್ಯಕೀಯ ಮಾನದಂಡದಲ್ಲೂ ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿದರೆ, ಪಾದ ಸಡಿಲವಾಗಿದ್ದು ನೋವಿಲ್ಲದಿದ್ದರೆ ಅಭ್ಯರ್ಥಿಯನ್ನು ಒಪ್ಪುವ ಅವಕಾಶ ಇದೆ. ಈ ಲೇಖನ ಮಾತಾಡುತ್ತಿರುವುದು ಬೇರೆ ಪಾದದ ಬಗ್ಗೆ. ಕಮಾನು ಇದ್ದು, ನಡುವಯಸ್ಸಿನಲ್ಲಿ ಕುಸಿದ ಪಾದ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಮ್ಮೆಪಡುವ ಕೆಲಸವೊಂದಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಬ್ರಿಟಿಷ್ ಮೂಳೆ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ 8.6 ಶೇಕಡ. ಬರಿಗಾಲ ಮಕ್ಕಳಲ್ಲಿ 2.8 ಶೇಕಡ. ಮುಂದೆ ಮುಚ್ಚಿದ ಬೂಟು ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. 1995ರಲ್ಲಿ ಸಚ್ಚಿದಾನಂದಂ ಮತ್ತು ಜೋಸೆಫ್ ಎಲುಬು ಬಲಿತ 1,846 ಜನರನ್ನು ನೋಡಿದರು. ಆರು ವರ್ಷದೊಳಗೆ ಬೂಟು ಹಾಕತೊಡಗಿದವರಲ್ಲಿ 3.24 ಶೇಕಡ ಚಪ್ಪಟೆ ಪಾದವಾದರೆ, ಹದಿನಾರರವರೆಗೆ ಬರಿಗಾಲಲ್ಲಿ ಬೆಳೆದವರಲ್ಲಿ 1.75. ಜಗತ್ತಿನ ಮಕ್ಕಳ ಮೂಳೆ ತಜ್ಞರು ಇಂದಿಗೂ ಈ ಎರಡು ಪ್ರಬಂಧಗಳನ್ನು ಎತ್ತಿ ಹೇಳುತ್ತಾರೆ.

ಇದರ ಅರ್ಥ ಬರಿಗಾಲೇ ಚೆಂದ ಎಂದಲ್ಲ. ಮುಳ್ಳು, ಹಾವು, ಕೊಕ್ಕೆಹುಳು, ಸಕ್ಕರೆ ಕಾಯಿಲೆಯವರ ಗಾಯ, ಇವನ್ನೆಲ್ಲ ಕಂಡ ಜಿಲ್ಲೆಯಲ್ಲಿ ಯಾರೂ ಆ ಮಾತು ಹೇಳಬಾರದು. ಅದರ ಅರ್ಥ ಇಷ್ಟು: ಬರಿಗಾಲಲ್ಲಿ ಬೆಳೆದ ಪಾದದ ಆಕಾರ, ಸ್ನಾಯು, ಚರ್ಮ, ಬೆರಳುಗಳ ನಡುವಿನ ಅಂತರ ಬೂಟಿನಲ್ಲಿ ಬೆಳೆದ ಪಾದದ ಹಾಗೆ ಇರುವುದಿಲ್ಲ. ಮಣಿಪಾಲದವರು ಶಾಯಿಯ ಅಚ್ಚಿನಿಂದ ತೋರಿಸಿದ್ದನ್ನು ಕಂಪ್ಯೂಟರ್ ಮಾದರಿಗಳು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ಮಿಲಿಮೀಟರಿನ ಕೆಲಸ

ಶಸ್ತ್ರಚಿಕಿತ್ಸೆ ಹೊಸದಲ್ಲ. ಹಿಮ್ಮಡಿಯ ಎಲುಬನ್ನು ಕೊಯ್ದು ಸರಿಸುವ ವಿಚಾರವನ್ನು ಜರ್ಮನಿಯ ಗ್ಲೈಖ್ 1893ರಲ್ಲೇ ಬರೆದಿದ್ದರು. 1971ರಲ್ಲಿ ಕೌಟ್ಸೋಜಿಯಾನಿಸ್ ಅದಕ್ಕೆ ಇಂದಿನ ರೂಪ ಕೊಟ್ಟರು. ಹಿಮ್ಮಡಿಯನ್ನು ಓರೆಯಾಗಿ ಕೊಯ್ದು, ಹಿಂದಿನ ತುಂಡನ್ನು ಸುಮಾರು 10 ಮಿ.ಮೀ. ಒಳಕ್ಕೆ ಜಾರಿಸಿ ಸ್ಕ್ರೂ ಬಿಗಿಯುತ್ತಾರೆ. ಅಷ್ಟರಿಂದಲೇ ಹಿಮ್ಮಡಿಯ ಹಿಂದಿನ ದಪ್ಪ ರಜ್ಜಿನ ಎಳೆತ ಹೊರಗಿನಿಂದ ಒಳಗಿನ ಕಡೆಗೆ ಬದಲಾಗುತ್ತದೆ. ಪಾದವನ್ನು ಕೆಡವುತ್ತಿದ್ದ ಬಲವೇ ಎತ್ತಿ ಹಿಡಿಯುವ ಬಲವಾಗುತ್ತದೆ. ಮುಂಗಾಲು ಹೊರಗೆ ತಿರುಗಿದವರಿಗೆ ಹಿಮ್ಮಡಿಯ ಮುಂಭಾಗದಲ್ಲಿ ಬೆಣೆ ಸೇರಿಸಿ ಹೊರಬದಿಯನ್ನು ಉದ್ದ ಮಾಡುವ ವಿಧಾನ ಡಿಲ್ವಿನ್ ಇವಾನ್ಸ್ ಅವರದು, 1975ರದು. ಒಳಬದಿಯ ಮುಂಗಾಲನ್ನು ಕೆಳಗಿಳಿಸಲು ಮೇಲಿನಿಂದ ಬೆಣೆ ಹಾಕುವುದನ್ನು ಕಾಟನ್ 1936ರಲ್ಲಿ ಹೇಳಿದ್ದರು. ಇವುಗಳ ಜೊತೆಗೆ ಸೋತ ರಜ್ಜಿನ ಬದಲು ಬೆರಳು ಮಡಿಸುವ ರಜ್ಜೊಂದನ್ನು ತಂದು ಜೋಡಿಸುತ್ತಾರೆ.

ಬೆಣೆ ಎಷ್ಟು ದಪ್ಪ ಇರಬೇಕು? ಇಲ್ಲಿ ಎರಡು ಮಿ.ಮೀ. ಹೆಚ್ಚು ಕಡಿಮೆಯಾದರೂ ಪಾದ ಬೇರೆಯಾಗುತ್ತದೆ. ತೆಳುವಾದರೆ ಕಮಾನು ಏಳುವುದಿಲ್ಲ. ದಪ್ಪವಾದರೆ ಹೊರಬದಿಯ ಕೀಲಿನ ಮೇಲೆ ಒತ್ತಡ ಏರಿ, ಒಳಗಿದ್ದ ನೋವು ಹೊರಗೆ ಬರುತ್ತದೆ. ಎಲುಬು ಕೊಯ್ಯದೆ, ಹಿಮ್ಮಡಿ ಮತ್ತು ಅದರ ಮೇಲಿನ ಎಲುಬಿನ ನಡುವಿನ ಸಂದಿಗೆ ಒಂದು ಮೊಳೆಯಾಕಾರದ ಇಂಪ್ಲಾಂಟ್ ತೂರಿಸಿ ವಾಲುವಿಕೆಯನ್ನು ತಡೆಯುವ ದಾರಿಯೂ ಇದೆ. ದೊಡ್ಡವರಲ್ಲಿ ಅದು ನೋವು ಕೊಟ್ಟು ತೆಗೆಯಬೇಕಾಗಿ ಬರುವುದು ಅಪರೂಪವಲ್ಲ.

ಲೋಹದ ಗುಣವೂ ಇಲ್ಲಿ ಮುಖ್ಯ. ಇಂಪ್ಲಾಂಟುಗಳಿಗೆ ಬಳಸುವ ಟೈಟಾನಿಯಂ ಮಿಶ್ರಲೋಹ ಎಲುಬಿನ ಗಟ್ಟಿ ಹೊರಪದರಕ್ಕಿಂತ ಐದಾರು ಪಟ್ಟು ಬಿಗುವು, ಸ್ಟೀಲ್ ಹತ್ತು ಪಟ್ಟಿಗೂ ಮಿಕ್ಕು. ಬಿಗುವಾದ ಲೋಹ ಭಾರವನ್ನೆಲ್ಲ ತಾನೇ ಹೊತ್ತರೆ ಸುತ್ತಲ ಎಲುಬು ಕೆಲಸವಿಲ್ಲದೆ ಸವೆಯುತ್ತದೆ. ತೀರ ಮೆತ್ತಗಿದ್ದರೆ ಎಲುಬು ಕೂಡಿಕೊಳ್ಳುವ ಮೊದಲೇ ಅಲುಗಾಡುತ್ತದೆ.

ಇದನ್ನೆಲ್ಲ ರೋಗಿಯ ಕಾಲಿನ ಮೇಲೆ ಪ್ರಯೋಗ ಮಾಡಿ ಕಲಿಯಲಾಗದು. ಕಂಪ್ಯೂಟರ್ ಮಾದರಿ ಬೇಕಾಗುವುದು ಅದಕ್ಕೇ. 1956ರಲ್ಲಿ ವಿಮಾನದ ರೆಕ್ಕೆಗಳಿಗಾಗಿ ಟರ್ನರ್, ಕ್ಲಫ್ ಮೊದಲಾದವರು ಬೆಳೆಸಿದ ಲೆಕ್ಕಾಚಾರದ ವಿಧಾನವೇ ಇಲ್ಲಿಯೂ ನಡೆಯುವುದು. 1960ರಲ್ಲಿ ಕ್ಲಫ್ ಅದಕ್ಕೆ ಫೈನೈಟ್ ಎಲಿಮೆಂಟ್ ಎಂದು ಹೆಸರಿಟ್ಟರು. ರೋಗಿಯ ಸಿ.ಟಿ. ಸ್ಕ್ಯಾನಿನಿಂದ ಒಂದೊಂದೇ ಎಲುಬನ್ನು ಬಿಡಿಸಿ ತೆಗೆದು, ಪ್ರತಿಯೊಂದನ್ನೂ ಸಾವಿರಾರು ಸಣ್ಣ ತುಣುಕುಗಳಾಗಿ ಒಡೆಯುತ್ತಾರೆ. ಎಲುಬಿಗೆ ಇಷ್ಟು ಬಿಗುವು, ಮೆದು ಎಲುಬಿಗೆ ಇಷ್ಟು, ಲಿಗಮೆಂಟಿಗೆ ಇಷ್ಟು ಎಂದು ಅಂಕಿ ಕೊಡುತ್ತಾರೆ. ಹಾಂಕಾಂಗ್ ಮಾದರಿಯಲ್ಲಿ ಎಲುಬಿಗೆ 7,300 ಮೆಗಾಪ್ಯಾಸ್ಕಲ್, ಲಿಗಮೆಂಟಿಗೆ 260, ಅಂಗಾಲ ಪಟ್ಟಿಗೆ 350. ಆಮೇಲೆ ಭಾರ ಹೇರಿದರೆ ಯಾವ ತುಣುಕು ಎಷ್ಟು ಹಿಗ್ಗಿತು, ಎಷ್ಟು ಒತ್ತಿತು ಎಂಬುದು ಬಣ್ಣಬಣ್ಣದಲ್ಲಿ ಕಾಣುತ್ತದೆ.

ಈ ವಿಧಾನ ಕೊಟ್ಟ ತಿಳಿವಳಿಕೆ ಸಣ್ಣದಲ್ಲ. ಸ್ಪೇನಿನ ಝರಗೋಝಾ ವಿಶ್ವವಿದ್ಯಾಲಯದ ಸಿಫುಯೆಂಟೆಸ್ ಮತ್ತು ಸಂಗಡಿಗರು 2019ರಲ್ಲಿ ಮಾದರಿಯೊಳಗೆ ಒಂದೊಂದೇ ನಾರನ್ನು ಸಡಿಲಿಸಿ ನೋಡಿದರು. ಕಮಾನು ಉದ್ದವಾಗದಂತೆ ಮುಖ್ಯವಾಗಿ ತಡೆಯುವುದು ಅಂಗಾಲ ಪಟ್ಟಿ, ಪಾದ ಒಳಕ್ಕೆ ಹೊರಳದಂತೆ ತಡೆಯುವುದು ಸ್ಪ್ರಿಂಗ್ ಲಿಗಮೆಂಟ್ ಎಂದು ಗೊತ್ತಾಯಿತು. ಅಂದರೆ ಸೋತ ರಜ್ಜನ್ನು ಮಾತ್ರ ಬದಲಿಸಿ ಬಿಟ್ಟರೆ ಸಾಲದು. ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಸ್ಪ್ರಾಟ್ಲಿ, ವೇಯ್ನ್, ಅಡೆಲಾರ್ ತಂಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆಲವು ರೋಗಿಗಳ ಪಾದಗಳನ್ನು ಇದ್ದ ಹಾಗೇ ಕಂಪ್ಯೂಟರಿನಲ್ಲಿ ಕಟ್ಟಿ, ಮಾದರಿ ಹೇಳಿದ್ದಕ್ಕೂ ನಿಜವಾದ ಎಕ್ಸ್-ರೇಗೂ ಹೊಂದುತ್ತದೆಯೇ ಎಂದು ತಾಳೆ ನೋಡಿತು. ಬಳಿಕ ಅದೇ ಪಾದಗಳ ಮೇಲೆ ತಿದ್ದುಪಡಿಯ ಪ್ರಮಾಣ ಬದಲಿಸಿ ಏನಾಗುತ್ತದೆಂದು ಪರೀಕ್ಷಿಸಿತು. ಒಂದೇ ಪಾದಕ್ಕೆ ಹಲವು ಬಾರಿ, ರಕ್ತ ಬೀಳದ ಶಸ್ತ್ರಚಿಕಿತ್ಸೆ. ಇದಕ್ಕಿಂತ ಒಳ್ಳೆಯ ಪಾಠಶಾಲೆ ಸರ್ಜನ್‌ಗೆ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ.

ನಮ್ಮ ಕಡೆ ಆದ ಕೆಲಸ

ನಮ್ಮಲ್ಲಿ ಈ ವಿದ್ಯೆ ಮೊದಲು ತಿರುಗಿದ್ದು ಕುಷ್ಠ ಮತ್ತು ಸಕ್ಕರೆ ಕಾಯಿಲೆಯ ಪಾದಗಳ ಕಡೆಗೆ. ಮದ್ರಾಸಿನ ಐಐಟಿಯಲ್ಲಿ ಎಸ್. ಜೇಕಬ್ ಮತ್ತು ಕೆ.ಎಂ. ಪಾಟೀಲ 1990ರ ದಶಕದಲ್ಲಿ ಪಾದದ ಮೂರು ಆಯಾಮದ ಮಾದರಿ ಕಟ್ಟಿದರು. 1999ರ ಅವರ ಪ್ರಬಂಧದಲ್ಲಿ ಆರೋಗ್ಯವಂತ ಪಾದವೂ ಇದೆ, ಕುಷ್ಠದಿಂದ ಕೆಲವು ಸ್ನಾಯು ಸೋತ ಪಾದವೂ ಇದೆ. ಹಿಮ್ಮಡಿ ಊರುವಾಗ, ಪಾದ ಪೂರ್ತಿ ಊರಿದಾಗ, ಬೆರಳಿನಿಂದ ನೂಕುವಾಗ ಎಲುಬುಗಳೊಳಗಿನ ಒತ್ತಡ ಹೇಗೆ ಬದಲಾಗುತ್ತದೆ ಎಂಬ ಲೆಕ್ಕವಿದೆ. ಆಗಿನ ಕಂಪ್ಯೂಟರುಗಳ ಶಕ್ತಿ ನೆನೆದರೆ ಅದು ದೊಡ್ಡ ಸಾಹಸ.

ಕುಷ್ಠದ ಪಾದಕ್ಕೂ ನಾವು ಮಾತಾಡುತ್ತಿರುವ ಪಾದಕ್ಕೂ ಒಂದು ಆಳವಾದ ನಂಟಿದೆ. ಕುಷ್ಠದಲ್ಲಿ ಮಂಡಿಯ ಹೊರಬದಿಯ ನರ ಸತ್ತು ಪಾದ ಜೋತು ಬಿದ್ದಾಗ, ಅದನ್ನು ಎತ್ತಲು ಸರ್ಜನ್‌ಗಳು ಸಾಮಾನ್ಯವಾಗಿ ಕಿತ್ತು ಮುಂದಕ್ಕೆ ತರುವುದು ಇದೇ ಟಿಬಿಯಾಲಿಸ್ ಪೋಸ್ಟೀರಿಯರ್ ರಜ್ಜನ್ನು. ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಶುರು ಮಾಡಿದ ರಜ್ಜು ವರ್ಗಾವಣೆಯ ಪರಂಪರೆ ಸಾವಿರಾರು ಕುಷ್ಠ ರೋಗಿಗಳನ್ನು ಮತ್ತೆ ನಡೆಸಿತು. ಆ ರಜ್ಜು ಇಲ್ಲದ ಪಾದ ವರ್ಷಗಳ ಮೇಲೆ ಹೇಗೆ ವರ್ತಿಸುತ್ತದೆ ಎಂಬ ಅನುಭವ ಬಹಳ ಹಿಂದಿನಿಂದ ಭಾರತದ ಕುಷ್ಠ ಆಸ್ಪತ್ರೆಗಳಲ್ಲಿದೆ. ಪಾದ ಕುಸಿತದ ಮಾದರಿ ಕಟ್ಟುವವರು ಆ ಕಡತಗಳನ್ನು ತೆರೆದು ನೋಡಬೇಕು.

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಕೆ. ಅನಂತಸುರೇಶ್ ಮತ್ತು ಪ್ರಿಯಬ್ರತ ಮಹಾರಾಣ, ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಆ್ಯಂಡ್ ರಿಸರ್ಚ್‌ನ ಪವನ್ ಬೆಳೆಹಳ್ಳಿ ಜೊತೆ ಸೇರಿ ಸಕ್ಕರೆ ಕಾಯಿಲೆಯವರಿಗೆ ಒಂದು ಪಾದರಕ್ಷೆ ರೂಪಿಸಿದ್ದಾರೆ. ಅದರ ಅಟ್ಟೆಯೊಳಗೆ ಸಣ್ಣ ಸಣ್ಣ ಕಮಾನುಗಳಿವೆ. ಒತ್ತಡ ಮಿತಿ ಮೀರಿದ ಜಾಗದಲ್ಲಿ ಕಮಾನು ತಟ್ಟನೆ ಕೆಳಗೆ ಮಗುಚಿ ಅಲ್ಲಿನ ಭಾರ ಇಳಿಸುತ್ತದೆ, ಭಾರ ಸರಿದಾಗ ಮತ್ತೆ ಮೇಲೇಳುತ್ತದೆ. ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ. ಮೊದಲು ಲೆಕ್ಕದಲ್ಲಿ, ಆಮೇಲೆ ತ್ರೀಡಿ ಮುದ್ರಣದಲ್ಲಿ, ಕೊನೆಗೆ ಕಾಲಿನಲ್ಲಿ ಪರೀಕ್ಷೆಯಾದ ಕೆಲಸ ಇದು. ಎಂಜಿನಿಯರೂ ಪಾದದ ವೈದ್ಯರೂ ಒಂದೇ ಮೇಜಿನ ಮುಂದೆ ಕೂತರೆ ಏನಾಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೋರ್‌ವೆಲ್ ನೀರು ಮತ್ತು 7,300 ಎಂಬ ಅಂಕಿ

ನನ್ನ ಮುಖ್ಯ ಆತಂಕ ಎಲುಬಿನ ಅಂಕಿಯದು.

ಮಾನ್ವಿ, ದೇವದುರ್ಗ, ಲಿಂಗಸುಗೂರು ತಾಲ್ಲೂಕುಗಳ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಇರಬಹುದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ನೀರನ್ನು ದಶಕಗಳ ಕಾಲ ಕುಡಿದವರ ಹಲ್ಲಿನ ಕಲೆ ಎಲ್ಲರಿಗೂ ಕಾಣುತ್ತದೆ. ಎಲುಬಿನೊಳಗೆ ಆಗುವುದು ಕಾಣುವುದಿಲ್ಲ. ಫ್ಲೋರೈಡ್ ಸೇರಿದ ಎಲುಬು ಎಕ್ಸ್-ರೇಯಲ್ಲಿ ಹೆಚ್ಚು ಬಿಳಿಯಾಗಿ, ಹೆಚ್ಚು ದಟ್ಟವಾಗಿ ಕಾಣುತ್ತದೆ. ಆದರೆ ಅದು ಬಲವಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನ ರಿಗ್ಸ್ ಮತ್ತು ಸಂಗಡಿಗರು ಎಲುಬು ಸವೆದ 202 ಹೆಂಗಸರ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಪರೀಕ್ಷೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ನಾಲ್ಕು ವರ್ಷ ಸೋಡಿಯಂ ಫ್ಲೋರೈಡ್ ತೆಗೆದುಕೊಂಡವರ ಸೊಂಟದ ಬೆನ್ನೆಲುಬಿನ ಸಾಂದ್ರತೆ 35 ಶೇಕಡ ಏರಿತು. ಬೆನ್ನೆಲುಬಿನ ಮುರಿತ ಗಣನೀಯವಾಗಿ ಕಡಿಮೆಯಾಗಲಿಲ್ಲ. ಬೇರೆ ಎಲುಬುಗಳ ಮುರಿತ ಹೆಚ್ಚಾಯಿತು.

ಇದನ್ನು ಕಂಪ್ಯೂಟರ್ ಮಾದರಿಯ ಪಕ್ಕ ಇಟ್ಟು ಯೋಚಿಸಬೇಕು. ಇಂದಿನ ಉತ್ತಮ ಮಾದರಿಗಳು ಎಲ್ಲ ಎಲುಬಿಗೂ ಒಂದೇ ಅಂಕಿ ಕೊಡುವುದಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಯಾವ ಜಾಗ ಎಷ್ಟು ಬಿಳಿ ಎಂದು ನೋಡಿ, ಆ ಬಿಳುಪಿನಿಂದ ಸಾಂದ್ರತೆ, ಸಾಂದ್ರತೆಯಿಂದ ಬಿಗುವು ಎಂದು ಸೂತ್ರ ಹಾಕಿ ಲೆಕ್ಕ ಕಟ್ಟುತ್ತವೆ. ಆ ಸೂತ್ರಗಳು ಬಹುಮಟ್ಟಿಗೆ ಫ್ಲೋರೈಡ್ ಅತಿಯಾಗಿ ಸೇರದ ಎಲುಬುಗಳನ್ನು ಒತ್ತಿ, ಮುರಿದು ಪಡೆದವು. ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್ ಕಾಯಿಲೆ ಇರುವ ಮಾನ್ವಿಯ ತಾಯಿಯೊಬ್ಬರ ಹಿಮ್ಮಡಿಯ ಸ್ಕ್ಯಾನ್ ಅದೇ ತಂತ್ರಾಂಶಕ್ಕೆ ಕೊಟ್ಟರೆ, ಬಿಳುಪು ನೋಡಿ ಅದು ಎಲುಬು ಬಹಳ ಗಟ್ಟಿ ಎಂದು ಹೇಳಬಹುದು, ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ ಎಂದು ಹಸಿರು ಬಣ್ಣ ತೋರಿಸಬಹುದು. ಕೊರೆಯುವ ಸರ್ಜನ್‌ನ ಕೈಗೆ ಸಿಗುವುದು ಪೆಡಸು ಎಲುಬು. ಫ್ಲೋರೋಸಿಸ್‌ನಲ್ಲಿ ಲಿಗಮೆಂಟು, ರಜ್ಜುಗಳ ಬುಡವೂ ಸುಣ್ಣಗಟ್ಟುತ್ತವೆ. ಹಾಗಾಗಿ ಲಿಗಮೆಂಟಿಗೆ ಕೊಟ್ಟ 260 ಎಂಬ ಅಂಕಿಯ ಮೇಲೂ ಭರವಸೆ ಇಡುವಂತಿಲ್ಲ.

ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ 2018ರಲ್ಲಿ ವೈದ್ಯಕೀಯ ಸಾಧನಗಳ ಕಂಪ್ಯೂಟರ್ ಮಾದರಿಗಳಿಗಾಗಿ ವಿ ಆ್ಯಂಡ್ ವಿ 40 ಎಂಬ ಮಾನದಂಡ ತಂದಿತು. ಅದು ಕೇಳುವ ಮೊದಲ ಪ್ರಶ್ನೆಯೇ ಇದು: ಈ ಮಾದರಿಯನ್ನು ಯಾವ ಕೆಲಸಕ್ಕೆ ಬಳಸುತ್ತೀರಿ, ತಪ್ಪಿದರೆ ಯಾರಿಗೆ ಎಷ್ಟು ಹಾನಿ? ನಮ್ಮ ಈ ತಾಲ್ಲೂಕುಗಳ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಬರೆಯುವ ಕೆಲಸ ಹಾಂಕಾಂಗ್‌ನದಲ್ಲ, ವರ್ಜೀನಿಯಾದ್ದೂ ಅಲ್ಲ.

ಬದುವಿನ ಮೇಲೆ ನಡೆಯುವ ಕಾಲು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಮಾನ್ವಿ ಕಡೆ ಭತ್ತ ನಾಟಿ ಶುರುವಾಗುತ್ತದೆ. ಹೆಣ್ಣುಮಕ್ಕಳು ಗುಂಪಾಗಿ ಗದ್ದೆಗಿಳಿದು, ಸೊಂಟ ಬಾಗಿಸಿ, ಹಿಂದಕ್ಕೆ ಹೆಜ್ಜೆ ಹಾಕುತ್ತ ಸಸಿ ಹಚ್ಚುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಪಾದ ಕೆಸರಿನಲ್ಲಿ ಹೂತು, ಹೀರಿಕೊಂಡ ಮಣ್ಣಿನಿಂದ ಅದನ್ನು ಕಿತ್ತು ಎತ್ತಬೇಕು. ಬೆರಳುಗಳು ಅಗಲಿ ಮಣ್ಣನ್ನು ಹಿಡಿಯುತ್ತವೆ, ಹಿಮ್ಮಡಿ ಒಮ್ಮೆ ಒಳಗೆ ಒಮ್ಮೆ ಹೊರಗೆ ಹೊರಳುತ್ತದೆ. ಗಟ್ಟಿ ನೆಲದ ಮೇಲೆ ನೇರ ನಡೆಯುವ ಮಾದರಿಯಲ್ಲಿ ಈ ಎಳೆತಕ್ಕೆ ಜಾಗವೇ ಇಲ್ಲ. ಕೃಷ್ಣೆಯ ಕಡೆ ದೇವದುರ್ಗದಲ್ಲಿ ಹತ್ತಿ ಬಿಡಿಸುವ ಕಾಲ ಬಂದರೆ ಬೇರೆ ಬಗೆ. ಎರೆಮಣ್ಣಿನ ಬಿರುಕು, ಹೆಂಟೆ, ಓರೆ ಬದು, ಸೊಂಟಕ್ಕೆ ಕಟ್ಟಿದ ಹತ್ತಿಯ ಉಡಿ.

ಶಸ್ತ್ರಚಿಕಿತ್ಸೆಯ ಆಯ್ಕೆಯೂ ಇಲ್ಲಿ ಬದಲಾಗಬೇಕು. ಹಿಮ್ಮಡಿಯ ಮೇಲಿನ ಕೀಲನ್ನು ಬೆಸೆದರೆ ಆಸ್ಪತ್ರೆಯ ಟೈಲ್ಸ್ ಮೇಲೆ ನೋವಿಲ್ಲದೆ ನಡೆಯಬಹುದು. ಆದರೆ ಪಾದವನ್ನು ಪಕ್ಕಕ್ಕೆ ವಾಲಿಸಿ ಓರೆ ನೆಲಕ್ಕೆ ಹೊಂದಿಸುವುದು ಅದೇ ಕೀಲು. ಅದು ಹೋದರೆ ಬದುವಿನ ಮೇಲಿನ ನಡಿಗೆ ಕಷ್ಟವಾಗುತ್ತದೆ. ಕಚೇರಿಯಲ್ಲಿ ಕೂರುವವರಿಗೆ ಸಣ್ಣದೆನಿಸುವ ಈ ನಷ್ಟ ಹೊಲದ ಕೂಲಿಯವರ ದುಡಿಮೆಯನ್ನೇ ಮೊಟಕುಗೊಳಿಸುತ್ತದೆ. ಕೀಲು ಉಳಿಸುವ ಶಸ್ತ್ರಚಿಕಿತ್ಸೆಗೆ ಇಲ್ಲಿ ಹೆಚ್ಚಿನ ಬೆಲೆ ಇರಬೇಕು. ಮಾದರಿ ಕಟ್ಟುವವರು ಕಮಾನಿನ ಎತ್ತರದ ಜೊತೆಗೆ ಓರೆ ನೆಲದ ಮೇಲೆ ಪಾದ ಎಷ್ಟು ವಾಲಬಲ್ಲದು ಎಂಬುದನ್ನೂ ಅಳೆಯಬೇಕು. ಇನ್ನು ಕೊಯ್ದ ಎಲುಬು ಕೂಡುವ ತನಕ, ಸಾಮಾನ್ಯವಾಗಿ ಆರು ವಾರ, ಕಾಲೂರಬಾರದು. ನಾಟಿಯ ಕೂಲಿ ಇರುವುದೇ ಕೆಲವು ವಾರ. ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ, ನೆಲದ ಒಲೆ, ನೀರಿನ ಕೊಡ ಇವೆಲ್ಲ ಆ ಆರು ವಾರದಲ್ಲೂ ಇರುತ್ತವೆ. ಕಾಲೂರಬೇಡಿ ಎಂದು ಹೇಳಿ ಕಳಿಸಿದರೂ ಊರುವ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿದೇ ಇಲ್ಲಿನ ಸ್ಕ್ರೂ, ಪ್ಲೇಟುಗಳ ಬಲ ನಿರ್ಧಾರವಾಗಬೇಕು.

ರಾಯಚೂರಿನಲ್ಲೇ ಆಗಬಹುದು

ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಎಲ್ಲರ ಬಾಯಲ್ಲಿ ರಿಮ್ಸ್, 2007ರಿಂದ ಇದೆ. 2019ರಲ್ಲಿ ಐಐಐಟಿ ಬಂದಿದೆ. ಏಮ್ಸ್ ಬೇಕೆಂದು 2022ರಿಂದ ಊರಿನ ಜನ ಧರಣಿ ಕೂತರು. ಆ ಬೇಡಿಕೆ ನ್ಯಾಯವಾದದ್ದು, ಅದರ ಹಿಂದಿರುವ ನೋವು ನಿಜವಾದದ್ದು. ಆದರೆ ಪಾದದ ಮಾದರಿಗೆ ಏಮ್ಸ್ ಬರುವವರೆಗೆ ಕಾಯಬೇಕಿಲ್ಲ. ಬೇಕಾಗುವುದು ಸಿ.ಟಿ. ಸ್ಕ್ಯಾನ್, ಒಂದು ಒಳ್ಳೆಯ ಕಂಪ್ಯೂಟರ್, ತಾಳ್ಮೆಯ ಎಂಜಿನಿಯರ್, ಮೂಳೆ ಸರ್ಜನ್ ಮತ್ತು ಇವರಿಬ್ಬರಿಗೂ ಹಮಾಲಿಯ, ನಾಟಿಯ ಕೆಲಸವನ್ನು ಹತ್ತಿರದಿಂದ ನೋಡುವ ಮನಸ್ಸು.

ಈ ನಡುವೆ ಸ್ಕ್ರೂ ಬೇಕಾಗದ ಹಾಗೆ ತಡೆಯುವ ಕೆಲಸವೂ ಇದೆ. ಮೊದಲ ಹಂತದಲ್ಲಿ ಸಿಕ್ಕವರಿಗೆ ಕೆಲವು ವಾರಗಳ ವಿಶ್ರಾಂತಿ, ಒಳಬದಿಗೆ ಆಧಾರ ಕೊಡುವ ಅಟ್ಟೆ, ಹಿಂಬಡ ಎತ್ತುವ ವ್ಯಾಯಾಮ ಎಷ್ಟೋ ಸಲ ಸಾಕಾಗುತ್ತವೆ. ಆಶಾ ಕಾರ್ಯಕರ್ತೆಯರಿಗೆ ಆ ಗೋಡೆ ಹಿಡಿದು ಹಿಂಬಡ ಎತ್ತಿಸುವ ಪರೀಕ್ಷೆ ಕಲಿಸಿದರೆ ಸಕ್ಕರೆ ಕಾಯಿಲೆಯ ತಪಾಸಣೆಯ ಜೊತೆಗೇ ಅದೂ ನಡೆಯುತ್ತದೆ.

ಮತ್ತೆ ಎಲುಬಿನ ಅಂಕಿಗೆ ಬರುವುದಾದರೆ, ಅದನ್ನು ಅಳೆಯುವ ದಾರಿ ದೂರದಲ್ಲಿಲ್ಲ. ಚಪ್ಪೆಯ ಎಲುಬು ಮುರಿದವರಿಗೆ ಕೃತಕ ಕೀಲು ಹಾಕುವಾಗ ತೊಡೆ ಎಲುಬಿನ ಗುಂಡನ್ನು ತೆಗೆದು ಹಾಕುತ್ತಾರೆ. ರೋಗಿಯ ಒಪ್ಪಿಗೆ ಪಡೆದು, ನೈತಿಕ ಸಮಿತಿಯ ಅನುಮತಿ ಪಡೆದು, ಫ್ಲೋರೈಡ್ ಇರುವ ಹಳ್ಳಿಗಳಿಂದ ಬಂದವರ ಆ ಗುಂಡನ್ನು ಸಿ.ಟಿ. ಸ್ಕ್ಯಾನ್ ಮಾಡಿ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ಯಬಹುದು. ಕಾಂಕ್ರೀಟು, ಕಬ್ಬಿಣವನ್ನು ಒತ್ತಿ ಪರೀಕ್ಷಿಸುವ ಯಂತ್ರ ಅಂಥ ಕಾಲೇಜುಗಳಲ್ಲಿ ಇರುತ್ತದೆ. ಆ ಗುಂಡಿನಿಂದ ಕೊಯ್ದ ಸಣ್ಣ ತುಂಡುಗಳನ್ನು ಅದರಲ್ಲಿ ಒತ್ತಿ, ಎಷ್ಟು ಬಿಳುಪಿಗೆ ಎಷ್ಟು ಬಿಗುವು, ಎಷ್ಟು ಬಲ ಎಂದು ಬರೆದುಕೊಂಡರೆ, 7,300ರ ಜಾಗಕ್ಕೆ ಮಾನ್ವಿಯ, ದೇವದುರ್ಗದ ಅಂಕಿ ಬರುತ್ತದೆ.